ಕಿವಿ, ಚಾರ್ಲಿ ಮತ್ತು ನಮ್ಮ ಮೋಚಾ

ಹೋದ ಡಿಸೆಂಬರಿನಲ್ಲಿ ನಾವು ಐದು ಜನ, ಎರಡು ನಾಯಿ, ಎರಡು ಕಾರು ಮಾಡ್ಕೊಂಡು ಮೂಡಿಗೆರೆ ಕಡೆ ಹೋಗಿದ್ವಿ. ಹೊರಡೋ ಹಿಂದಿನ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಎಲ್ಲಾ ಕೇಳಿಸಿಕೊಂಡ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ: "ನಾಯೀಗೂ ದುಡ್ ಕೊಟ್ರಾ? ಯಾಕ್ ಕಣಪ್ಪಾ, ಅದೇನ್ ಹಾಸ್ಗೆ ಮೇಲ್ ಮನಿಕ್ಕಂತದಾ?"

ಹೌದು, ಮನಿಕ್ಕಂತದೆ. ಹೋಂಸ್ಟೇನವರು ಒಂದು ನಾಯಿಗೆ ರಾತ್ರಿಗೆ 800 ರೂಪಾಯಿ ಅಂದಿದ್ರು. ಅದರಲ್ಲಿ ಮಧ್ಯಾಹ್ನದ ಚಿಕನ್-ಅನ್ನ ಸೇರಿತ್ತು, ಉಪ್ಪು ಖಾರ ಹಾಕದೆ. ಇದನ್ನ ಅಮ್ಮನಿಗೆ ಹೇಳೋ ಧೈರ್ಯ ಬರಲಿಲ್ಲ. ಅರಸೀಕೆರೆ ತಾಲೂಕಿನ ನಮ್ಮ ಮನೆಯಲ್ಲಿ ನಾಯಿ ಹೊಸಿಲು ದಾಟಿದ್ದನ್ನ ನಾನು ಕಂಡಿಲ್ಲ.

ಈ ಬರಹ ಟ್ರಿಪ್ಪಿನ ಬಗ್ಗೆ ಅಲ್ಲ, ಅಥವಾ ಪೂರ್ತಿ ಅದರ ಬಗ್ಗೆ ಅಲ್ಲ. ಆ ಮೂರು ದಿನ ನನ್ನ ತಲೆಯಲ್ಲಿ ಓಡ್ತಾ ಇದ್ದದ್ದು ಒಂದು ಸಿನಿಮಾ ಮತ್ತು ಎರಡು ಪುಸ್ತಕ. ಸಿನಿಮಾ '777 ಚಾರ್ಲಿ'. ಪುಸ್ತಕಗಳು ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಮತ್ತು 'ಪರಿಸರದ ಕತೆ'. ನಾಯಿ ಜೊತೆ ಬೆಟ್ಟ ಹತ್ತೋದು ಅಂದ್ರೆ ಏನು ಅಂತ ಕನ್ನಡದಲ್ಲಿ ಇಷ್ಟು ಬೇರೆ ಬೇರೆಯಾಗಿ ಹೇಳಿದ ಕೃತಿಗಳು ನನಗೆ ಗೊತ್ತಿರೋ ಹಾಗೆ ಇಲ್ಲ. ಕಾರಲ್ಲಿ ನನ್ನ ಪಕ್ಕ ಕೂತಿದ್ದು ಮೋಚಾ, ಬೀಗಲ್, ಮೂರು ವರ್ಷ. ಹಿಂದಿನ ಕಾರಲ್ಲಿ ಸಿಂಬಾ, ಲ್ಯಾಬ್ರಡಾರ್. ನಮ್ಮ ಟೀಮಿನ ಒಂದು ಜೋಡಿ ತಮ್ಮನ್ನು ಮೋಚಾನ ಅಪ್ಪ-ಅಮ್ಮ ಅಂತಲೇ ಕರ್ಕೋತಾರೆ. ಮೊದಮೊದಲು ನಗು ಬರ್ತಿತ್ತು, ಈಗ ನನಗೂ ಅಭ್ಯಾಸ ಆಗಿದೆ.

ಮೊದಲು ಸಿನಿಮಾ. ಕಿರಣ್‌ರಾಜ್ ಕೆ. ನಿರ್ದೇಶನದ '777 ಚಾರ್ಲಿ' ಬಂದದ್ದು 2022ರ ಜೂನ್ 10ಕ್ಕೆ. ನೋಡಿದವರೆಲ್ಲ ಅತ್ತರು. ಆಗಿನ ಮುಖ್ಯಮಂತ್ರಿಗಳೂ ಅತ್ತದ್ದು ಸುದ್ದಿಯಾಯ್ತು, ಚಿತ್ರಕ್ಕೆ ತೆರಿಗೆ ವಿನಾಯಿತಿ ಸಿಕ್ತು, ಆಮೇಲೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ನಾನೂ ಅತ್ತೆ. ಮಲ್ಟಿಪ್ಲೆಕ್ಸಿನ ಕತ್ತಲಲ್ಲಿ, ಪಾಪ್‌ಕಾರ್ನಿನ ಟಿಶ್ಯೂ ಹಿಡ್ಕೊಂಡು. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ನಾನು ಬರೆಯೋದನ್ನ ಓದಿ 'ಇವನಿಗೆ ಹೃದಯ ಇಲ್ಲ' ಅನ್ನೋರು ಇರ್ತಾರೆ.

ಚಿತ್ರದ ಮೊದಲರ್ಧ ನಿಜಕ್ಕೂ ಚೆನ್ನಾಗಿದೆ. ಮೈಸೂರಿನ ಒಂದು ಕಾಲೊನಿ, ಯಾರ ಹಂಗೂ ಬೇಡ ಅಂತ ಬದುಕೋ ಧರ್ಮ, ಅವನ ಇಡ್ಲಿ, ಬಿಯರು, ಸಿಗರೇಟು, ಟೀವಿಯಲ್ಲಿ ಚಾಪ್ಲಿನ್. ಅವನ ಮನೆಗೆ ಬಂದು ಸೇರೋ ನಾಯಿ ಅವನ ದಿನಚರಿ ಹಾಳು ಮಾಡುತ್ತೆ, ಚಪ್ಪಲಿ ಕಚ್ಚುತ್ತೆ, ಗಲೀಜು ಮಾಡುತ್ತೆ. ಅಲ್ಲಿ ಚಾರ್ಲಿ ನಾಯಿ. ತಳಿ ಮಾರಾಟದವರು ಹಣದಾಸೆಗೆ ಒಂದೇ ರಕ್ತದ ನಾಯಿಗಳನ್ನ ಕೂಡಿಸೋದು, ಅದರಿಂದ ಮರಿಗಳಿಗೆ ರೋಗ ಬರೋದು, ಇದನ್ನೆಲ್ಲ ಒಂದು ಜನಪ್ರಿಯ ಸಿನಿಮಾ ಇಷ್ಟು ನೇರವಾಗಿ ಹೇಳಿದ್ದು ದೊಡ್ಡ ಕೆಲಸವೇ. ಆ ಸಿನಿಮಾ ನೋಡಿ ಅಂಗಡಿ ಮರಿ ಬಿಟ್ಟು ಬೀದಿ ಮರಿ ತಂದವರು ನನ್ನ ಆಫೀಸಲ್ಲೇ ಇಬ್ಬರಿದ್ದಾರೆ.

ತೊಂದರೆ ಶುರುವಾಗೋದು ಗಾಡಿ ಮೈಸೂರು ಬಿಟ್ಟ ಮೇಲೆ. ಚಾರ್ಲಿಗೆ ಕ್ಯಾನ್ಸರ್. ಅದಕ್ಕೆ ಹಿಮ ಅಂದ್ರೆ ಇಷ್ಟ ಅಂತ ಧರ್ಮ ಅರ್ಥ ಮಾಡ್ಕೋತಾನೆ. ಬೈಕಿಗೆ ಸೈಡ್‌ಕಾರ್ ಕಟ್ಟಿ ದೇಶದ ಉದ್ದಕ್ಕೂ ಹಿಮಾಲಯಕ್ಕೆ ಹೊರಡ್ತಾನೆ. ಇಲ್ಲಿಂದ ಮುಂದೆ ಚಾರ್ಲಿ ನಾಯಿಯಾಗಿ ಉಳಿಯಲ್ಲ. ಅದರ ಒಂದೊಂದು ನೋಟಕ್ಕೂ ಒಂದು ಅರ್ಥ ಇರುತ್ತೆ, ಆ ಅರ್ಥ ಯಾವಾಗಲೂ ಧರ್ಮನ ಬಗ್ಗೆಯೇ ಇರುತ್ತೆ. ನಾಯಿ ಧರ್ಮನನ್ನು ತಿದ್ದುತ್ತೆ, ಜನರ ಹತ್ರ ಕರ್ಕೊಂಡು ಹೋಗುತ್ತೆ, ಅವನನ್ನು ಅಳಿಸುತ್ತೆ, ಕೊನೆಗೆ ಅವನಿಗೊಂದು ಬದುಕು ಕೊಟ್ಟು ಹೋಗುತ್ತೆ. ಸಾಯ್ತಿರೋ ಒಂದು ಪ್ರಾಣಿಯನ್ನ ಸಾವಿರಾರು ಕಿಲೋಮೀಟರು ಬಿಸಿಲು, ಧೂಳು, ಚಳಿಯಲ್ಲಿ ಕೂರಿಸಿಕೊಂಡು ಹೋಗೋದು ಅದಕ್ಕೆ ಬೇಕಿತ್ತಾ? ಆ ಪ್ರಶ್ನೆಯನ್ನ ಚಿತ್ರ ಗಟ್ಟಿಯಾಗಿ ಎದುರಿಸಲ್ಲ. ಹಿನ್ನೆಲೆ ಸಂಗೀತ ಏರಿದಾಗ ನಮಗೂ ಕೇಳಬೇಕು ಅನ್ಸಲ್ಲ.

ನಾಯಕನ ಹೆಸರು ಧರ್ಮ ಅಂತ ಸುಮ್ಮನೆ ಇಟ್ಟದ್ದಲ್ಲ ಅಂತ ನಿಮಗೂ ಹೊಳೆದಿರುತ್ತೆ. ಹಿಮದ ಬೆಟ್ಟಕ್ಕೆ ನಾಯಿ ಜೊತೆ ಹೊರಟ ಮೊದಲ ಧರ್ಮ ಮಹಾಭಾರತದವನು. ಮಹಾಪ್ರಸ್ಥಾನದಲ್ಲಿ ದ್ರೌಪದಿ ಬೀಳ್ತಾಳೆ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬೀಳ್ತಾರೆ. ಉಳಿಯೋದು ಧರ್ಮರಾಯ ಮತ್ತು ಒಂದು ನಾಯಿ. ಇಂದ್ರ ರಥ ತಂದು, ನಾಯಿಗೆ ಜಾಗ ಇಲ್ಲ ಅಂತಾನೆ. ನಂಬಿ ಬಂದದ್ದನ್ನ ಬಿಟ್ಟು ನಾನು ಹತ್ತಲ್ಲ ಅಂತಾನೆ ಧರ್ಮರಾಯ. ಎಂಥ ಜಾಗ ಅದು! (ನಮ್ಮ ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿಬಿಟ್ಟ, ಉಳಿದದ್ದನ್ನ ತಿಮ್ಮಣ್ಣಕವಿ ಪೂರೈಸಿದ. ಈ ನಾಯಿ ಕುಮಾರವ್ಯಾಸನ ಕೈಗೆ ಸಿಕ್ಕಿದ್ದಿದ್ರೆ ಏನಾಗ್ತಿತ್ತೋ ಅಂತ ನನಗೆ ಆಗಾಗ ಅನ್ಸತ್ತೆ.) ಆದರೆ ಮರುಕ್ಷಣ ಏನಾಗುತ್ತೆ? ಆ ನಾಯಿ ನಾಯಿಯೇ ಅಲ್ಲ, ಯಮಧರ್ಮ ವೇಷ ಹಾಕ್ಕೊಂಡು ಬಂದಿದ್ದ. ಅದೊಂದು ಪರೀಕ್ಷೆ. ಧರ್ಮರಾಯ ಪಾಸಾದ, ನಾಯಿ ಮಾಯವಾಯ್ತು. ಚಿಕ್ಕವನಿದ್ದಾಗ ಹರಿಕಥೆಯಲ್ಲಿ ಈ ಕಥೆ ಕೇಳಿದಾಗ ನನಗೆ ಬೇಜಾರಾಗಿತ್ತು. ಅಷ್ಟು ದೂರ ನಡೆದ ನಾಯಿ ಎಲ್ಲೋಯ್ತು ಅಂತ. ಸಿನಿಮಾದ ಧರ್ಮನ ಕಥೆಯಲ್ಲೂ ಆಗೋದು ಬಹುಪಾಲು ಅದೇ. ನಾಯಿ ಒಂದು ಪರೀಕ್ಷೆ, ಅವನು ಪಾಸಾಗ್ತಾನೆ.

ಇನ್ನು ತೇಜಸ್ವಿ. 1980ರ 'ಕರ್ವಾಲೊ'ದಲ್ಲೂ ಒಂದು ಬೆಟ್ಟದ ಪ್ರಯಾಣ ಇದೆ. ಹಾರುವ ಓತಿಯನ್ನ ಹುಡುಕಿಕೊಂಡು ವಿಜ್ಞಾನಿ ಕರ್ವಾಲೊ, ಜೇನು ಹಿಡಿಯೋ ಮಂದಣ್ಣ, ಬಿರಿಯಾನಿ ಕರಿಯಪ್ಪ, ಪ್ರಭಾಕರ, ನಿರೂಪಕ ಎಲ್ಲ ಕಾಡಿಗೆ ಹೋಗ್ತಾರೆ. ಜೊತೆಗೆ ಕಿವಿ ಅನ್ನೋ ನಾಯಿ. ಆ ತಂಡದಲ್ಲಿ ಯಾರು ಯಾರನ್ನೂ ತಿದ್ದೋಕೆ ಹೋಗಿಲ್ಲ. ಮಂದಣ್ಣನಿಗೆ ಮಂದಣ್ಣನ ಚಿಂತೆ, ಕರಿಯಪ್ಪನಿಗೆ ಅಡುಗೆಯ ಚಿಂತೆ, ಕಿವಿಗೆ ಕಿವಿಯ ಚಿಂತೆ. ನಾಯಿ ಅಲ್ಲಿ ಮೂಸುತ್ತೆ, ಬೊಗಳುತ್ತೆ, ಕಾಲಿಗೆ ಅಡ್ಡ ಬರುತ್ತೆ, ಕೆಲವೊಮ್ಮೆ ಕೆಲಸಕ್ಕೂ ಬರುತ್ತೆ. ಯಾವ ಸಂಕೇತವೂ ಆಗಲ್ಲ. ಕೊನೆಗೆ ಓತಿ ಸಿಕ್ಕೇಬಿಡ್ತು ಅನ್ನೋವಾಗ ಅದು ಪ್ರಪಾತದ ಕಡೆ ತೇಲಿ ಹೋಗುತ್ತೆ. ನೋಡೋಕೆ ಹೋದದ್ದು ನಮಗಾಗಿ ಇಲ್ಲ ಅನ್ನೋದನ್ನ ಇಷ್ಟು ಹಗುರಾಗಿ ಹೇಳಿದ ಕಾದಂಬರಿ ನಾನು ಇನ್ನೊಂದು ಓದಿಲ್ಲ.

'ಪರಿಸರದ ಕತೆ'ಯಲ್ಲಿ ಕಿವಿಗೆ ಇನ್ನೂ ಹೆಚ್ಚು ಜಾಗ. ಅಲ್ಲಿ ಅದನ್ನು ತೇಜಸ್ವಿ ನೋಡೋ ರೀತಿ ಗಮನಿಸಿ. ಒಬ್ಬ ಜೊತೆ ಕೆಲಸಗಾರನನ್ನ ನೋಡೋ ಹಾಗೆ. ಅದರ ಮೇಲೆ ಸಿಟ್ಟು ಬರುತ್ತೆ, ನಗು ಬರುತ್ತೆ, ಮೆಚ್ಚುಗೆ ಬರುತ್ತೆ. ಅದರ ಮೂಗಿಗೆ ಗೊತ್ತಿರೋದು ತನಗೆ ಗೊತ್ತಿಲ್ಲ ಅನ್ನೋ ಕುತೂಹಲ ಬರುತ್ತೆ. ಕಿವಿಗೆ ಏನನ್ನಿಸಿರಬಹುದು ಅಂತ ತಮಾಷೆಗೆ ಊಹಿಸಿದರೂ ಆ ಊಹೆ ಕೊನೆಗೆ ತಮ್ಮ ಮೇಲಿನ ಪ್ರೀತಿಗೆ ಸಾಕ್ಷಿ ಅಂತ ತಿರುಗಿಸಿಕೊಳ್ಳಲ್ಲ.

ಹಾಗಂತ ತೇಜಸ್ವಿಯನ್ನ ದೇವರ ಗೂಡಲ್ಲಿ ಇಡೋದೂ ನನಗೆ ಇಷ್ಟ ಇಲ್ಲ. ಆ ಬರಹಗಳ ಹಿಂದೆ ಕೋವಿ ಇದೆ, ಶಿಕಾರಿ ಇದೆ, ಒಂದು ಕಾಫಿ ತೋಟ ಇದೆ. ಕಿವಿಗೆ ಓಡೋಕೆ ಜಾಗ ಇದ್ದದ್ದು ಅದರ ಒಡೆಯನಿಗೆ ಜಾಗ ಇದ್ದದ್ದಕ್ಕೆ. ಬೆಳ್ಳಂದೂರಿನ ಹದಿನಾಲ್ಕನೇ ಫ್ಲೋರಲ್ಲಿ ಬೀಗಲ್ ಸಾಕಿರೋ ನನ್ನ ಗೆಳೆಯನಿಗೆ 'ಕಿವಿ ಥರ ಬೆಳೆಸು' ಅಂತ ಹೇಳೋದು ಸುಲಭ, ಅರ್ಥ ಇಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ತೇಜಸ್ವಿ ಪ್ರತಿಷ್ಠಾನದ ಮುಂದೆ ಫೋಟೊ ತಗೊಂಡು, 'ಕರ್ವಾಲೊ' ಕೈಯಲ್ಲಿ ಹಿಡ್ಕೊಂಡು ಸ್ಟೇಟಸ್ ಹಾಕೋರಲ್ಲಿ ನಾನೂ ಒಬ್ಬ. ಹಾರುವ ಓತಿಯನ್ನ ಬಿಟ್ಟುಕೊಡೋ ಪುಸ್ತಕ ಹಿಡ್ಕೊಂಡು ಎಲ್ಲವನ್ನೂ ಫೋನಲ್ಲಿ ಹಿಡಿಯೋಕೆ ಹೋಗ್ತೀವಿ ಅನ್ನೋದು ದೋಸೆ ತಿನ್ನೋವಾಗ ಹೊಳೆಯಲಿಲ್ಲ, ಈಗ ಬರೆಯೋವಾಗ ಹೊಳೀತಿದೆ.

ಎರಡನೇ ದಿನ ನಡೆದದ್ದನ್ನ ಸ್ವಲ್ಪ ವಿವರವಾಗಿ ಹೇಳಬೇಕು.

ಡಿಸೆಂಬರು ಅಂದ್ರೆ ನಮಗೆ ಮಂಜು, ಬೆಂಕಿ, ಜಾಕೆಟ್ಟು. ಅಲ್ಲಿನವರಿಗೆ ಅರೇಬಿಕಾ ಕೊಯ್ಲು. ಬೆಳಿಗ್ಗೆ ಏಳೂವರೆಗೆಲ್ಲ ಲೈನ್ ಮನೆಗಳಿಂದ ಹೆಂಗಸರು ಸೊಂಟಕ್ಕೆ ಚೀಲ ಕಟ್ಕೊಂಡು ಹೊರಟಿರ್ತಾರೆ. ಹೋಂಸ್ಟೇ ಮುಂದೆಯೇ ದೊಡ್ಡ ಕಣ. ಒಂದು ಕಡೆ ಹಣ್ಣನ್ನ ಹಾಗೇ ಒಣಗಿಸೋ ಚೆರಿ, ಇನ್ನೊಂದು ಕಡೆ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟು. ಎರಡೂ ಬೆರೆಯಬಾರದು, ರೇಟು ಬೇರೆ ಬೇರೆ. ನಮ್ಮ ಸಿಂಬಾ ಕಾರಿಂದ ಇಳಿದವನೇ ಆ ಕಣವನ್ನ ಬೀಚು ಅಂದ್ಕೊಂಡ. ಚೆರಿ ಮೇಲೆ ಹೊರಳಿ ಅದೇ ಮೈಯಲ್ಲಿ ಪಾರ್ಚ್‌ಮೆಂಟಿನ ಮೇಲೆ ಓಡಿದ. ನಮ್ಮಲ್ಲೊಬ್ಬರು 'ಸೋ ಕ್ಯೂಟ್' ಅಂತ ವಿಡಿಯೊ ಮಾಡ್ತಿದ್ರು. ಕಣ ಎಳೀತಿದ್ದ ಹೆಂಗಸು ಕೈಯಲ್ಲಿದ್ದ ಹಲಗೆ ಬಿಟ್ಟು, "ಸಾರ್, ನಾಯಿ ಹಿಡ್ಕಳ್ಳಿ, ಇದನ್ನ ಆರಿಸೋರ್ ಯಾರು?" ಅಂದರು. ಸಿಟ್ಟಿಂದ ಅಲ್ಲ, ಸುಸ್ತಿಂದ. ಆಮೇಲೆ ಅವರೇ ಕೂತು ಆರಿಸಿದರು. ನಾವು ಸಾರಿ ಅಂದ್ವಿ, ಇನ್ನೂರು ರೂಪಾಯಿ ಕೊಡೋಕೆ ಹೋದ್ವಿ. ಅವರು ತಗೊಳ್ಳಲಿಲ್ಲ. ಒಬ್ಬರೂ ಬಗ್ಗಿ ಒಂದು ಕಾಳು ಆರಿಸಲಿಲ್ಲ, ನಾನೂ ಸೇರಿ. ಕಣದಲ್ಲಿ ರಾಗಿ ಆರಿಸಿ ಬೆಳೆದವನು ನಾನು.

ಆ ಎಸ್ಟೇಟಿನದೇ ಒಂದು ನಾಯಿ ಇತ್ತು. ಕುತ್ತಿಗೆಗೆ ಮುಳ್ಳಿನ ಪಟ್ಟಿ. ಚಿರತೆ ನಾಯಿಯ ಕುತ್ತಿಗೆಗೇ ಬಾಯಿ ಹಾಕೋದಲ್ವಾ, ಅದಕ್ಕೆ. ಮೋಚಾನ ಕುತ್ತಿಗೆಯಲ್ಲಿ ಹೆಸರು ಕೆತ್ತಿದ ಹಿತ್ತಾಳೆ ಬಿಲ್ಲೆ, ಹಿಂದೆ ಫೋನ್ ನಂಬರು. ಎರಡೂ ನಾಯಿ ಒಂದನ್ನೊಂದು ಮೂಸಿ, ಮುಗಿಸಿ, ತಮ್ಮ ಪಾಡಿಗೆ ಹೋದವು.

ಸಂಜೆ ಐದೂವರೆ ಹೊತ್ತಿಗೆ ಮೋಚಾ ಹಗ್ಗ ಬಿಡಿಸ್ಕೊಂಡು ತೋಟಕ್ಕೆ ನುಗ್ಗಿತು. ಬೀಗಲ್ ಅಂದ್ರೆ ವಾಸನೆ ಹಿಡಿದು ಓಡೋಕೆ ಅಂತಲೇ ಇಂಗ್ಲೆಂಡಿನಲ್ಲಿ ತಯಾರಾದ ತಳಿ. ಮೊಲದ ಬೇಟೆಗೆ. ಮೂರು ವರ್ಷ ಲಿಫ್ಟಲ್ಲಿ ಇಳಿದು ಪಾರ್ಕಲ್ಲಿ ಉಚ್ಚೆ ಹೊಯ್ದು ಲಿಫ್ಟಲ್ಲಿ ಹತ್ತಿದ್ದರೂ ಮೂಗು ಮರೆತಿರಲಿಲ್ಲ. ನಾವು ಐದೂ ಜನ ಫೋನ್ ಟಾರ್ಚ್ ಹಾಕ್ಕೊಂಡು "ಮೋಚೂ... ಬೇಬೀ..." ಅಂತ ಕೂಗ್ತಾ ಹೊರಟ್ವಿ. ಅವಳ 'ಅಮ್ಮ' ಅಳ್ತಿದ್ದಳು. ನನಗೆ ಮುಳ್ಳಿನ ಪಟ್ಟಿಯೇ ಕಣ್ಮುಂದೆ. ತೋಟದ ರೈಟರು ಬಂದು ನಮ್ಮನ್ನು ತಡೆದರು. "ಹೀಗೆ ಕೂಗ್ತಾ ಒಳಗೆ ಹೋಗ್ಬೇಡಿ. ಆನೆ ಈ ಕಡೆ ಓಡಾಡ್ತಿದೆ. ನಾಯಿ ಆನೆ ಕಂಡ್ರೆ ಬೊಗಳಿ, ಹೆದರಿ ನಿಮ್ಮ ಹತ್ರಾನೇ ಓಡಿ ಬರುತ್ತೆ, ಹಿಂದೆ ಆನೆ. ಇಲ್ಲೇ ಕೂತ್ಕಳಿ." ಮೂಡಿಗೆರೆ ಸುತ್ತ ಆನೆಗೆ ಸಿಕ್ಕಿ ಸತ್ತ ಕೂಲಿಯವರ ಸುದ್ದಿ ನಾವು ಪೇಪರಲ್ಲಿ ಓದಿ ಪುಟ ತಿರುಗಿಸ್ತೀವಿ. ಅವರು ದಿನಾ ಆ ದಾರಿಯಲ್ಲೇ ಕೆಲಸಕ್ಕೆ ಹೋಗ್ತಾರೆ.

ಸುಮಾರು ಒಂದೂವರೆ ಗಂಟೆ ಜಗಲಿ ಮೇಲೆ ಕೂತ್ವಿ. ಯಾರೂ ಮಾತಾಡಲಿಲ್ಲ. ಆಮೇಲೆ ಮೋಚಾ ತಾನಾಗಿ ಬಂತು. ಮೈತುಂಬ ಕೆಸರು, ಒಂದು ಕಿವಿ ಹರಿದಿತ್ತು, ಏನೋ ಸತ್ತದ್ದರ ಮೇಲೆ ಹೊರಳಿ ಬಂದ ಭಯಂಕರ ನಾತ. ಬಾಲ ಅಲ್ಲಾಡಿಸ್ತಾ ಇದ್ದ ರೀತಿ ನೋಡಬೇಕಿತ್ತು. ನಮ್ಮ ಕಡೆ ಬಂದದ್ದು ನಿಜ, ಆದರೆ ಮೂಗು ಇನ್ನೂ ತೋಟದ ಕಡೆಯೇ ತಿರುಗಿತ್ತು. ನನ್ನ ಗೆಳತಿ ಅದನ್ನು ಅಪ್ಪಿಕೊಂಡು "ಅಮ್ಮನ್ನ ಮಿಸ್ ಮಾಡ್ಕೊಂಡ್ಯಾ?" ಅಂತ ಅತ್ತಳು. ನನಗನಿಸಿದ್ದು, ಇದು ಯಾರನ್ನೂ ಮಿಸ್ ಮಾಡ್ಕೊಂಡಿಲ್ಲ. ಮೂರು ವರ್ಷದಲ್ಲಿ ಇದು ಬೀಗಲ್ ಆಗಿದ್ದು ಈ ಒಂದೂವರೆ ಗಂಟೆ ಮಾತ್ರ. ಅದನ್ನ ಬಾಯಿಬಿಟ್ಟು ಹೇಳಲಿಲ್ಲ. ಅವಳ ಒಂದೂವರೆ ಗಂಟೆ ಏನಾಗಿತ್ತು ಅಂತ ನಾನೂ ನೋಡಿದ್ದೆ. ಬಿಸಿನೀರು ಕಾಯಿಸಿ, ಶಾಂಪೂ ಹಾಕಿ, ಎರಡು ಸಲ ತಿಕ್ಕಿ ತೊಳೆದರು.

ರಾತ್ರಿ ಕಿವಿ ಸಂದಿಯಲ್ಲಿ ಉಣುಗು ಹುಡುಕಿ ಕೀಳೋ ಕೆಲಸ ನನಗೆ ಬಂತು. ಊರಲ್ಲಿ ಎಮ್ಮೆಗೆ ಕಿತ್ತ ಅಭ್ಯಾಸ. ಮಲೆನಾಡಲ್ಲಿ ಉಣುಗು ಅಂದ್ರೆ ಬರೀ ತುರಿಕೆ ಅಲ್ಲ. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಕಾಣಿಸಿಕೊಂಡದ್ದು, ಅದು ಹರಡೋದು ಉಣುಗಿನಿಂದ, ಅದರ ಕಾಲ ಶುರುವಾಗೋದೇ ನಾವು ಟ್ರಿಪ್ಪಿಗೆ ಹೊರಡೋ ಚಳಿಗಾಲದಲ್ಲಿ. ನಾಯಿ ಕರ್ಕೊಂಡು ಹೋಗೋರು ಬ್ಯಾಗಲ್ಲಿ ಜಾಕೆಟ್ಟಿಗಿಂತ ಮುಂಚೆ ಉಣುಗಿನ ಔಷಧಿ ಇಟ್ಕೊಳ್ಳಿ. ಹಾಗೇ ಲಸಿಕೆ ಹಾಕಿಸದ ನಾಯಿಯನ್ನ ಕಾಡಂಚಿಗೆ ಒಯ್ಯಬೇಡಿ. 2018ರಲ್ಲಿ ಗಿರ್ ಕಾಡಿನಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಅವುಗಳಲ್ಲಿ ಸಿಕ್ಕಿದ್ದು ನಾಯಿಗಳಿಗೆ ಬರೋ ಡಿಸ್ಟೆಂಪರ್ ವೈರಸ್. ಮೂರನೇ ದಿನ ಕುದುರೆಮುಖದ ಕಡೆ ಹೋಗೋ ಪ್ಲಾನಿತ್ತು. ರಾಷ್ಟ್ರೀಯ ಉದ್ಯಾನದೊಳಗೆ ನಾಯಿ ಬಿಡಲ್ಲ ಅಂತ ಆಮೇಲೆ ಗೊತ್ತಾಗಿ ಕಳಸಕ್ಕೆ ಹೋಗಿ ಭದ್ರಾ ನದಿ ದಂಡೆಯಲ್ಲಿ ಕೂತು ಬಂದ್ವಿ. ನಮ್ಮಲ್ಲಿ ಇಬ್ಬರಿಗೆ ಸಿಟ್ಟು ಬಂತು. ಧರ್ಮರಾಯನಿಗೆ ಇಂದ್ರ ಹೇಳಿದ್ದೂ ಅದನ್ನೇ ಅಲ್ವಾ ಅಂತ ಒಬ್ಬ ಜೋಕ್ ಮಾಡಿದ. ಆದರೆ ಗೇಟಲ್ಲಿ ನಿಂತ ಅರಣ್ಯ ಇಲಾಖೆಯವರು ಇಂದ್ರನಿಗಿಂತ ಸರಿಯಾದ ಕಾರಣಕ್ಕೆ ಬೇಡ ಅಂತಾರೆ.

ಉಣುಗು ಕೀಳೋವಾಗ ನೆನಪಾಗಿದ್ದು ಕರಿಯ. ನಮ್ಮನೆಯಲ್ಲಿ ಎಲ್ಲಾ ನಾಯಿಗೂ ಒಂದೇ ಹೆಸರು, ಒಂದು ಹೋದ್ರೆ ಇನ್ನೊಂದು ಕರಿಯ. ನಾನು ಹೇಳ್ತಿರೋದು ಎರಡನೇ ಕರಿಯ. ತೋಟಕ್ಕೆ ನೀರು ಹಾಯಿಸೋಕೆ ರಾತ್ರಿ ಕರೆಂಟ್ ಬಂದಾಗ ನನ್ನ ಮುಂದೆ ಮುಂದೆ ನಡೀತಿತ್ತು, ಹಾವು ಕಂಡ್ರೆ ನಿಂತುಬಿಡ್ತಿತ್ತು. ನಾನದನ್ನ ಮುದ್ದು ಮಾಡಿದ್ದು ನೆನಪಿಲ್ಲ. ಕಲ್ಲಲ್ಲಿ ಹೊಡೆದದ್ದು ನೆನಪಿದೆ. ಬಿಇ ಕೊನೇ ವರ್ಷ ಹಾಸ್ಟೆಲಲ್ಲಿದ್ದಾಗ ಅಮ್ಮ ಫೋನಲ್ಲಿ ಕೊಬ್ಬರಿ ರೇಟು ಹೇಳ್ತಾ ಮಧ್ಯದಲ್ಲಿ, "ಕರಿಯ ಬಸ್ಸಿಗೆ ಸಿಕ್ಕಂತು ಕಣೋ" ಅಂದಳು. ನಾನು "ಹೌದಾ" ಅಂದೆ. ಆಮೇಲೆ ಪರೀಕ್ಷೆ ಫೀಸಿನ ವಿಷಯ ಮಾತಾಡಿದೆ.

ಅದಕ್ಕೆ ಅಳದವನು ಚಾರ್ಲಿಗೆ ಯಾಕೆ ಅತ್ತೆ? ಇದು ಎರಡು ವರ್ಷದಿಂದ ನನ್ನನ್ನು ಕಾಡಿದ ಪ್ರಶ್ನೆ. ಸಿನಿಮಾವನ್ನ ಬೈಯೋಕೆ ಹೊರಟದ್ದೂ ಬಹುಶಃ ಅದಕ್ಕೇ. ಧರ್ಮ ಒಬ್ಬಂಟಿ, ಕೆಲಸ ಮುಗಿಸಿ ಬಂದು ಟೀವಿ ನೋಡಿ ಮಲಗೋನು. ಬೆಂಗಳೂರಿನ ಪೀಜಿಯಲ್ಲಿ ಆರು ವರ್ಷ ನಾನೂ ಅದನ್ನೇ ಮಾಡಿದೆ. ನಿನ್ನನ್ನ ಪ್ರೀತಿಸೋಕೆ ಒಂದು ಜೀವ ಬಾಗಿಲಿಗೆ ಬರುತ್ತೆ ಅಂತ ಆ ಸಿನಿಮಾ ಹೇಳಿತು, ನಾನು ನಂಬಿ ಅತ್ತೆ. ನಾನು ಅತ್ತದ್ದು ಧರ್ಮನಿಗೆ, ಅಂದ್ರೆ ನನಗೆ. ಚಾರ್ಲಿಗಲ್ಲ. ನಮ್ಮ ಮನೆಯ ಕರಿಯನಿಂದ ನನಗೆ ಅಂಥದ್ದೇನೂ ಬೇಕಾಗಿರಲಿಲ್ಲ, ಮನೆ ತುಂಬ ಜನ ಇದ್ರು. ಹಾಗಾಗಿ ಅದು ನಾಯಿಯಾಗಿಯೇ ಇತ್ತು, ನಾಯಿಯಾಗಿಯೇ ಸತ್ತಿತು. ಹಾಗೆ ಬಿಟ್ಟದ್ದು ಗೌರವ ಅಂತ ಹೇಳಿಕೊಳ್ಳೋಕೆ ಆಸೆ ಆಗುತ್ತೆ, ಆದರೆ ಅದು ಸುಳ್ಳು. ಅದು ಉದಾಸೀನ. ಕಿವಿಯನ್ನ ತೇಜಸ್ವಿ ನಾಯಿಯಾಗಿ ಬಿಟ್ಟದ್ದು ಉದಾಸೀನದಿಂದಲ್ಲ, ದಿನಗಟ್ಟಲೆ ಅದರ ಹಿಂದೆ ನಡೆದು ನೋಡಿದ್ದರಿಂದ. ನಾನು ಕರಿಯನ ಹಿಂದೆ ಎಷ್ಟೋ ರಾತ್ರಿ ನಡೆದಿದ್ದೀನಿ. ನೋಡಿರಲಿಲ್ಲ.

ವಾಪಸ್ ಬರೋವಾಗ ಬೇಲೂರಿಂದ ಹಳೇಬೀಡಿನ ಕಡೆ ತಿರುಗಿಸಿ ನಮ್ಮೂರಿಗೆ ಹೋದ್ವಿ. ಅಮ್ಮ ಊಟಕ್ಕೆ ಮಾಡಿದ್ದಳು. ಎಲ್ಲರನ್ನೂ ಒಳಗೆ ಕರೆದಳು, ನಾಯಿಗಳನ್ನ ಅಂಗಳದಲ್ಲೇ ತೆಂಗಿನ ಮರಕ್ಕೆ ಕಟ್ಟಿಸಿದಳು. ಮೋಚಾನ 'ಅಪ್ಪ' ಡಬ್ಬಿಯಿಂದ ಅದರ ಒಣ ಆಹಾರ ಅಳೆದು ಹಾಕೋವಷ್ಟರಲ್ಲಿ ಅಮ್ಮ ಒಡೆದ ಬೇಸಿನ್ನಿನಲ್ಲಿ ಮುದ್ದೆ ಕಿವುಚಿ, ಹುರುಳಿಕಟ್ಟು ಹುಯ್ದು ಇಟ್ಟಿದ್ದಳು. "ಅಯ್ಯೋ ಆಂಟಿ, ಅದು ಖಾರ" ಅನ್ನೋವಷ್ಟರಲ್ಲಿ ಮೋಚಾ ಬೇಸಿನ್ನಿನ ತಳ ನೆಕ್ಕಿ ಮುಗಿಸಿತ್ತು. ಅಮ್ಮ ಅದರ ಹರಿದ ಕಿವಿ ನೋಡಿ ಅರಿಶಿನ ಹಚ್ಚಿದಳು, ಮುದ್ದು ಮಾಡಲಿಲ್ಲ.

ಈಗಿನ ಕರಿಯ, ನಾಲ್ಕನೆಯದು, ಹುಲ್ಲಿನ ಬಣವೆ ಪಕ್ಕ ನಿಂತು ಎಲ್ಲ ನೋಡ್ತಿತ್ತು. ನಾವು ಕೈ ತೊಳೆದು ಹೊರಗೆ ಬರೋ ಹೊತ್ತಿಗೆ ಎದ್ದು ಬಂದು, ಎರಡೂ ಕಾರನ್ನ ಒಂದು ಸುತ್ತು ಮೂಸಿ, ಎಂಟೂ ಟೈರಿಗೆ ಒಂದೊಂದಾಗಿ ಕಾಲೆತ್ತಿ ಹೋಯ್ತು.